ಎಚ್ಚರಾಯಿತೇ ಎಂದು ಕೇಳಿದ ತಾಯಿ

ಪೆಂಡುರ್ತಿ, ವಿಶಾಖಪಟ್ಟಣ
೨ ಜೂನ್ ೨೦೨೪, ಭಾನುವಾರ

ನನ್ನ ಹರಿಣಿಗೆ, ನಿನ್ನ ಅಕ್ಕನ ಪ್ರೀತಿ.

ಫೋನಿನಲ್ಲಿ ನನ್ನ ಹೆಸರು ಕಂಡರೆ ನೀನು ಎತ್ತುವುದಿಲ್ಲ. ಮೆಸೇಜು ಕಳಿಸಿದರೆ ಅದು ನಿನ್ನನ್ನು ತಲುಪುವುದೇ ಇಲ್ಲ. ಕಾಗದವಾದರೆ ಹರಿದುಹಾಕುವ ಮೊದಲು ಒಮ್ಮೆಯಾದರೂ ಬಿಚ್ಚಿ ನೋಡುತ್ತೀ ಎಂಬ ಆಸೆಯಿಂದ ಬರೆಯಲು ಕೂತಿದ್ದೇನೆ. ನಿನ್ನ ಮಾಮ ಹಡಗಿನ ಮೇಲಿದ್ದಾರೆ, ಬರುವುದು ಮುಂದಿನ ತಿಂಗಳು. ನನ್ನ ಮಗಳು ಚಿತ್ರಾ ಪಕ್ಕದ ಮನೆಯ ಮಕ್ಕಳ ಜೊತೆ ತೆಲುಗಿನಲ್ಲಿ ಜಗಳವಾಡುತ್ತಿದ್ದಾಳೆ. ಮನೆ ನೀನು ಬಿಟ್ಟುಹೋದ ಹಾಗೆಯೇ ಇದೆ. ನಿನ್ನ ಟುವಾಲು ಇನ್ನೂ ಬಾತ್‌ರೂಮಿನ ಬಾಗಿಲ ಹಿಂದೆ ತೂಗುತ್ತಿದೆ.

ನಿನ್ನ ಜೊತೆ ಕೆಲಸ ಮಾಡುತ್ತಿದ್ದ ಉಷಶ್ರೀ ಒಮ್ಮೆ ಆಸ್ಪತ್ರೆಯ ಹತ್ತಿರ ಸಿಕ್ಕಿದ್ದಳು. ನಿನ್ನ ಕಂಪನಿಯಲ್ಲಿ ನಿನ್ನ ಮೇಜು ಹಾಗೇ ಖಾಲಿ ಇದೆಯಂತೆ. ನೀನು ವಿಜಯವಾಡದ ಗವರ್ನರ್‌ಪೇಟೆಯಲ್ಲಿ ಔಷಧಿಯ ಸಗಟು ಅಂಗಡಿಯೊಂದರಲ್ಲಿ ಬಿಲ್ಲು ಬರೆಯುತ್ತಿದ್ದೀ ಎಂದಳು, ನಿನ್ನ ಮನೆಯ ವಿಳಾಸವನ್ನೂ ಕೊಟ್ಟಳು. ಆರು ವರ್ಷ ಸ್ಪ್ಯಾನಿಷ್ ಕಲಿತವಳು, ಔಷಧಿ ಡಬ್ಬಿಗಳ ಒಳಗಿನ ಚೀಟಿಯನ್ನು ಸಾಗರದಾಚೆಯ ಜನರ ಭಾಷೆಗೆ ತಿರುಗಿಸುತ್ತಿದ್ದವಳು, ಈಗ ಅಂಕಿಗಳನ್ನು ಬಿಟ್ಟು ಬೇರೇನೂ ಬರೆಯುತ್ತಿಲ್ಲ. ಅಂಕಿಗಳಿಗೆ ಎರಡು ಅರ್ಥ ಇರುವುದಿಲ್ಲ, ಅದಕ್ಕೇ ಇರಬೇಕು ಎಂದುಕೊಂಡೆ.

ನಿನಗೆ ಗೊತ್ತಿರುವುದನ್ನೇ ಮೊದಲು ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಆಸ್ಪತ್ರೆಯವರ ವಿಚಾರಣೆಯಲ್ಲಿ ನೀನು ಹೇಳಿದ್ದು ಒಂದೇ ಮಾತು: "ತಪ್ಪು ನಂದು." ನಡೆದದ್ದು ಅಷ್ಟು ಚಿಕ್ಕದಲ್ಲ. ಪಕ್ಕದಲ್ಲಿ ನಿಂತು ನೋಡಿದವಳು ನಾನು. ನಾನು ಕಂಡಂತೆ ಅದು ಒಮ್ಮೆ ನಿನ್ನ ಕಣ್ಣಿಗೂ ಬೀಳಲಿ.

ನನ್ನ ನರ್ಸ್ ಡ್ಯೂಟಿಯ ಹೊತ್ತಿನಲ್ಲೇ, ಬಂದರಿನಲ್ಲಿ ಸರಕು ಇಳಿಸುತ್ತಿದ್ದ ಹಡಗಿನಿಂದ ಆ ಹುಡುಗನನ್ನು ತಂದರು. ಜೊಸಿಮಾರ್. ಬ್ರೆಜಿಲ್ ದೇಶದವನು. ಏಣಿ ಜಾರಿ ಹಡಗಿನ ತಳಕ್ಕೆ ಬಿದ್ದಿದ್ದ, ತಲೆಯೊಳಗೆ ರಕ್ತ ಹೆಪ್ಪುಗಟ್ಟುತ್ತಿತ್ತು. ಅರೆಪ್ರಜ್ಞೆಯಲ್ಲಿ ಏನೇನೋ ಹೇಳುತ್ತಿದ್ದ, ಯಾರಿಗೂ ತಿಳಿಯಲಿಲ್ಲ. ಅವನ ಭಾಷೆ ಪೋರ್ಚುಗೀಸ್. ಅದು ಬಲ್ಲವರು ದೆಹಲಿಯಿಂದ ಬರಬೇಕು, ನಾಳಿದ್ದಾಗಬಹುದು ಎಂದ ಹಡಗಿನ ಏಜೆಂಟ್. ನನ್ನ ತಂಗಿಗೆ ಸ್ಪ್ಯಾನಿಷ್ ಬರುತ್ತದೆ ಎಂದು ನಾನು ಬಾಯಿ ಬಿಟ್ಟದ್ದೇ ತಡ, ಡಾಕ್ಟರ್ ಶೇಷಗಿರಿ, "ಸ್ಪ್ಯಾನಿಷ್ ಅಯಿನಾ ಪರವಾಲೇದಮ್ಮಾ, ವೆಂಟನೇ ಪಿಲವಂಡಿ" ಎಂದು, ಕೂಡಲೇ ಕರೆಸಲು ಅವಸರ ಮಾಡಿದರು. ಏಜೆಂಟನೂ ತಲೆಯಾಡಿಸಿದ. ಎರಡೂ ಲ್ಯಾಟಿನ್‌ನ ಮಕ್ಕಳು, ನಮ್ಮ ತೆಲುಗು ಕನ್ನಡ ಇದ್ದ ಹಾಗೆ, ನಡೆಯುತ್ತದೆ ಎಂದ.

ನಮ್ಮ ತೆಲುಗು ಕನ್ನಡ ಹೇಗೆ ನಡೆಯುತ್ತವೆ ಎಂಬುದು ನನಗೆ ಗೊತ್ತಿತ್ತಲ್ಲ! ನಾನು ಇಲ್ಲಿಗೆ ಬಂದ ಹೊಸತರಲ್ಲಿ ಒಬ್ಬ ಅಜ್ಜನಿಗೆ ಆಕ್ಸಿಜನ್ "ಅವಸರಂ ಲೇದು" ಎಂದರು ಡಾಕ್ಟರು. ಅವಸರವಿಲ್ಲ ಅಂದರೆ ನಿಧಾನಕ್ಕೆ ಹಾಕಿದರಾಯಿತು ಎಂದು ತಿಳಿದು, ಉಳಿದ ಕೆಲಸ ಮುಗಿಸಿ ಬಂದು ಹಾಕಿದೆ. ಬೇಕಾಗಿಲ್ಲ ಅಂತ ಅಲ್ಲವೇನಮ್ಮಾ ನಾನು ಹೇಳಿದ್ದು ಎಂದು ಅವರು ನಕ್ಕರು, ಅಜ್ಜನೂ ನಕ್ಕ. ನನ್ನ ತಪ್ಪಿಗೆ ನಗು ಸಿಕ್ಕಿತು. ನಿನ್ನದು ನಗು ಇಲ್ಲದ ಜಾಗದಲ್ಲಿ ಬಿತ್ತು. ವ್ಯತ್ಯಾಸ ಅಷ್ಟೇ, ಹರಿಣಿ.

ನೀನು ಆಟೋದಿಂದ ಇಳಿದು ಓಡಿಬಂದದ್ದು ಕಣ್ಣಿಗೆ ಕಟ್ಟಿದಂತಿದೆ. ಅವನ ಕಿವಿಯ ಹತ್ತಿರ ಬಗ್ಗಿ ನಿಧಾನವಾಗಿ, ಒಂದೊಂದೇ ಪದ ಬಿಡಿಸಿ ಹೇಳಿದೆ. ತಲೆಗೆ ಆಪರೇಷನ್ ಮಾಡಬೇಕು, ಒಪ್ಪಿಗೆಯೇ ಎಂದು ಕೇಳಿದೆ. ಅವನಿಗೆ ತಿಳಿಯಿತು. ನಿನ್ನ ಕೈ ಒತ್ತಿ ಹ್ಞೂಂ ಎಂದ. ಆಮೇಲೆ ಅಮ್ಮ ಎಂದು ಕರೆಯತೊಡಗಿದ. ಅದನ್ನು ಯಾರೂ ನಮಗೆ ಬಿಡಿಸಿ ಹೇಳಬೇಕಾಗಲಿಲ್ಲ.

ಆಪರೇಷನ್ ಆಯಿತು. ಅವನಿಗೆ ಎಚ್ಚರವಾಗಲಿಲ್ಲ. ಮರುದಿನ ನೀನು ಆಫೀಸಿಗೆ ರಜೆ ಹಾಕಿ ಅವನ ಪಕ್ಕ ಕೂತೆ. ಪ್ರಜ್ಞೆ ಇಲ್ಲದವರಿಗೂ ಕೆಲವೊಮ್ಮೆ ಮಾತು ಕೇಳಿಸುತ್ತದೆ, ಮಾತಾಡುತ್ತಿರು ಎಂದು ನಾನೇ ಹೇಳಿದ್ದೆ. ನೀನು ಸುಮ್ಮನೆ ಮಾತಾಡುತ್ತಲೇ ಇದ್ದೆ, ಅವನ ಕೈ ಹಿಡಿದುಕೊಂಡು. ಮಧ್ಯಾಹ್ನ ಅವನ ತಾಯಿಯ ಕರೆ ಬಂತು. ಸಿಗ್ನಲ್ಲು ಕಡಿದು ಕಡಿದು ಬರುತ್ತಿತ್ತು, ಆಕೆ ಅಳುತ್ತ, ಒಂದೇ ಉಸಿರಿಗೆ ಮಾತಾಡುತ್ತಿದ್ದಳು. ಕೊನೆಗೆ ನನಗೂ ಕೇಳಿಸುವಷ್ಟು ಸ್ಪಷ್ಟವಾಗಿ ಒಂದು ಪ್ರಶ್ನೆ ಕೇಳಿದಳು. "ಏಲಿ ಅಕೊರ್ದೋ?"

ನೀನು ಹೇಳಿದೆ: "ಸೀ, ಸಿನ್ಯೋರಾ. ಅಕೊರ್ದೋ."

ಆಚೆಯಿಂದ ಆಕೆ ಕೂಗಿದ ಕೂಗು! ನಾನು ಅಷ್ಟು ದೂರ ನಿಂತಿದ್ದರೂ ಬೆಚ್ಚಿಬಿದ್ದೆ. ಕರೆ ಕಡಿದುಹೋಯಿತು. ಅಂಥಾದ್ದೇನು ಹೇಳಿದಿ ಎಂದು ಕೇಳಿದ್ದಕ್ಕೆ ನೀನು, "ಆಪರೇಷನ್‌ಗೆ ಒಪ್ಪಿದ್ನೋ ಇಲ್ಲೋ ಅಂತ ಕೇಳಿದ್ರು ಅಕ್ಕಾ. ಹೌದು, ಒಪ್ಪಿದ ಅಂದೆ. ಮಗ ಧೈರ್ಯ ಮಾಡ್ಯಾನ ಅಂತ ಖುಷಿ ಆಗಿರಬೇಕು" ಎಂದೆ. ನಾನೂ ಹಾಗೇ ಅಂದುಕೊಂಡು ಪಕ್ಕದ ಹಾಸಿಗೆಯ ಡ್ರಿಪ್ ಬದಲಿಸಲು ಹೋದೆ.

ಮರುದಿನ ಬೆಳಗಿನ ಹೊತ್ತಿಗೆ ಜೊಸಿಮಾರ್ ತೀರಿಕೊಂಡ.

ದೆಹಲಿಯಿಂದ ಬಂದ ದುಭಾಷಿ ಆ ತಾಯಿಗೆ ಸುದ್ದಿ ಮುಟ್ಟಿಸಿದಾಗ ಆಕೆ ನಂಬಲೇ ಇಲ್ಲವಂತೆ. ನಿನ್ನೆಯಷ್ಟೇ ಅವನಿಗೆ ಎಚ್ಚರವಾಯಿತು ಎಂದು ನಿಮ್ಮ ಹುಡುಗಿಯೇ ಹೇಳಿದಳಲ್ಲ, ಎಚ್ಚರಾದವನನ್ನು ನೀವು ಏನು ಮಾಡಿದಿರಿ ಎಂದು ಕೇಳಿದಳಂತೆ. ಆಸ್ಪತ್ರೆಗೆ, ಹಡಗಿನ ಕಂಪನಿಗೆ ದೂರು ಬಂತು. ಆ ದುಭಾಷಿ ನಿನ್ನನ್ನು ಕೂರಿಸಿಕೊಂಡು, ಆಕೆ ಏನು ಕೇಳಿದಳು, ನೀನು ಏನು ಹೇಳಿದೆ ಎಂದು ವಿಚಾರಿಸಿದ. ನಿನ್ನ ಬಾಯಿಂದ ಆ ಪದ ಬಿದ್ದ ಕೂಡಲೇ ಅವನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಅವನು ವಿವರಿಸುವ ಮೊದಲೇ ನಿನಗೆ ತಿಳಿದುಹೋಯಿತು. ನಿನ್ನ ಮುಖ ನಾನು ನೋಡಿದೆ.

ಆ ಸಂಜೆ ನಮ್ಮ ಮಹಡಿಯ ಮೇಲೆ ಕೂತು ನೀನು ಹೇಳಿದ್ದೆಲ್ಲ ನನಗೆ ನೆನಪಿದೆ. ಲ್ಯಾಟಿನ್‌ನಲ್ಲಿ ಹೃದಯಕ್ಕೆ ಕೊರ್ ಎನ್ನುತ್ತಾರೆ, ಅದರ ಹೊಟ್ಟೆಯಲ್ಲೇ ಹುಟ್ಟಿದ ಪದ ಇದು ಎಂದೆ. ಸ್ಪ್ಯಾನಿಷಿನವರಿಗೆ ಎರಡು ಹೃದಯ ಒಂದಾದರೆ ಅದು ಒಪ್ಪಂದ. ಅದೇ ಪದ ತುಸು ತಿರುಗಿದರೆ ನೆನಪು ಮಾಡಿಕೊಳ್ಳುವುದು. ಇಟಲಿಯವರು ವೀಣೆಯಂಥ ವಾದ್ಯದ ತಂತಿಗೆ ಶ್ರುತಿ ಮಾಡುವುದಕ್ಕೂ ಅದನ್ನೇ ಬಳಸುತ್ತಾರೆ. ಫ್ರೆಂಚರಿಗೂ ಹೆಚ್ಚುಕಡಿಮೆ ಹಾಗೇ. ಪೋರ್ಚುಗೀಸರು ಮಾತ್ರ ಹೃದಯ ಮತ್ತೆ ತನ್ನ ಜಾಗಕ್ಕೆ ಬಂತು, ಅರಿವು ಮರಳಿತು ಎಂಬಲ್ಲಿಂದ ಅದನ್ನು ನಿದ್ದೆಯ ಪಕ್ಕಕ್ಕೆ ಒಯ್ದರು. ಅವರಿಗೆ ಅದು ಎಚ್ಚರವಾಗುವುದು. ಆಮೇಲೆ ನೀನು ಒಂದು ಮಾತು ಹೇಳಿ ಎದ್ದುಹೋದೆ. ಆ ಅರ್ಥ ನಿನ್ನ ಸ್ಪ್ಯಾನಿಷ್ ನಿಘಂಟಿನಲ್ಲೂ ಇತ್ತು, ಹಳೆಯ ಬಳಕೆ ಎಂದು ಕಡೆಯ ಸಾಲಿನಲ್ಲಿ, ಈಗ ಯಾರೂ ಬಳಸುವುದಿಲ್ಲ ಎಂದು ಮೇಷ್ಟ್ರು ಅದನ್ನು ಕಲಿಸದೆ ಬಿಟ್ಟಿದ್ದರು ಎಂದೆ.

ಆ ತಾಯಿ ಇಲ್ಲಿಗೆ ಬರುತ್ತಾಳೆ ಎಂದು ತಿಳಿದ ದಿನ ನೀನು ಚೀಲ ತುಂಬಿಕೊಂಡೆ. ನಾನು ತಡೆಯಲಿಲ್ಲ. ಇನ್ನು ಮುಂದಿನದು ನಿನಗೆ ಗೊತ್ತಿಲ್ಲದ್ದು.

ಆಕೆಯ ಹೆಸರು ದಲ್ವಾ. ನಮ್ಮವ್ವನಿಗಿಂತ ಗಿಡ್ಡ. ಕೈಗೆ ಗಂಡಸರ ಗಡಿಯಾರ ಕಟ್ಟುತ್ತಾಳೆ. ಅವರ ಊರೂ ಸಮುದ್ರದ ದಂಡೆಯಲ್ಲೇ ಇದೆಯಂತೆ, ಅಲ್ಲಿನ ಶಾಲೆಯೊಂದರಲ್ಲಿ ಮಕ್ಕಳಿಗೆ ಅಡುಗೆ ಮಾಡುತ್ತಾಳೆ. ಶವಾಗಾರದಲ್ಲಿ ನಾನು ಪಕ್ಕದಲ್ಲಿದ್ದೆ. ಆಕೆ ಅಳಲಿಲ್ಲ. ಮಗನ ಕಾಲಿನ ಕಡೆ ಹೋಗಿ ನಿಂತು, ಹೊದಿಕೆಯ ತುದಿ ಹಿಡಿದು ಸ್ವಲ್ಪ ಎಳೆದಳು. ಮತ್ತೆ ಸರಿಮಾಡಿದಳು. ಅದೇಕೆಂದು ನನಗೆ ಆಗ ತಿಳಿಯಲಿಲ್ಲ.

ಮಗ ಮಲಗಿದ್ದ ಹಾಸಿಗೆ ನೋಡಬೇಕೆಂದಳು. ಅಲ್ಲಿ ಆಗಲೇ ಬೇರೊಬ್ಬರು ಇದ್ದರು. ಡಾಕ್ಟರ್ ಶೇಷಗಿರಿ ಬಾಗಿಲ ಗಾಜಿನಿಂದ ತೋರಿಸಿದರು. ಮಾತಿಗೆಲ್ಲ ಆಕೆಯ ಫೋನೇ ಗತಿ. ಆಕೆ ಅದರೊಳಗೆ ಮಾತಾಡುವುದು, ಅದು ಇಂಗ್ಲಿಷಿನಲ್ಲಿ ಹೆಣ್ಣುದನಿ ತೆಗೆದು ಹೇಳುವುದು. ಗಾಜಿನ ಮುಂದೆ ನಿಂತೇ ಆಕೆ ಮೊದಲು ಕೇಳಿದ್ದು ನಿನ್ನನ್ನು. ಆ ಹುಡುಗಿ ಎಲ್ಲಿ? ಊರಲ್ಲಿಲ್ಲ ಎಂದೆ. ಆಕೆ ನನ್ನನ್ನು ಬಹಳ ಹೊತ್ತು ನೋಡಿದಳು. ನಾನು ನಿನ್ನ ಅಕ್ಕ ಎಂದು ಆಮೇಲೆ ಹೇಳಿದೆ. ಹೇಳದೆ ಇರಲು ನನ್ನಿಂದ ಆಗಲಿಲ್ಲ.

ಅದು ಕೇಳಿದ ಮೇಲೂ ನಮ್ಮ ಮನೆಗೆ ಊಟಕ್ಕೆ ಬಂದಳು. ಹೋಟೆಲಿನಲ್ಲಿ ಏನೂ ತಿನ್ನುತ್ತಿಲ್ಲ ಎಂದು ಏಜೆಂಟ್ ಹೇಳಿದ್ದ, ನಾನೇ ಕರೆದೆ. ಅನ್ನ ಮತ್ತು ಅಲಸಂದೆ ಕಾಳಿನ ಸಾರು ಮಾಡಿದ್ದೆ. ಅವರ ಊಟವೂ ಅನ್ನ, ಕಾಳೇ ಅಂತೆ. ಸ್ವಲ್ಪ ತಿಂದಳು. ಚಿತ್ರಾ ತೆಲುಗಿನಲ್ಲಿ ಏನೋ ಕೇಳುತ್ತಿದ್ದಳು, ಆಕೆ ತನ್ನ ಭಾಷೆಯಲ್ಲಿ ಉತ್ತರ ಕೊಡುತ್ತಿದ್ದಳು. ಊಟವಾದ ಮೇಲೆ ನಾನು ಬೇಡವೆಂದರೂ ಕುಕ್ಕರ್ ಉಜ್ಜಿ ಬೋರಲು ಹಾಕಿದಳು. ಕೈ ಒರೆಸಿಕೊಂಡು, ಫೋನ್ ನಡುವೆ ಇಟ್ಟು ಕೂತಳು.

ಅಕೊರ್ದಾ, ಅಕೊರ್ದಾ. ದಿನಾ ಬೆಳಿಗ್ಗೆ ಮಗನಿಗೆ ಹೇಳುತ್ತಿದ್ದದ್ದು ಇದೇ ಮಾತಂತೆ. ಏಳು, ಏಳು, ಶಾಲೆಗೆ ಹೊತ್ತಾಯಿತು ಎಂದು. ಅವನು ಏಳದಿದ್ದರೆ ಕಾಲಿನ ಕಡೆಯಿಂದ ಹೊದಿಕೆ ಎಳೆಯುತ್ತಿದ್ದಳಂತೆ. ಮೂರು ವರ್ಷದ ಕೂಸಿಗೂ ಗೊತ್ತಿರುವ ಪದ ಓದಿದ ಹುಡುಗಿಗೆ ಹೇಗೆ ಗೊತ್ತಿರಲಿಲ್ಲ ಎಂದು ಕೇಳಿದಳು. ನಾನು ನಿನ್ನಿಂದ ಕೇಳಿದ್ದನ್ನೆಲ್ಲ ಹೇಳಿದೆ. ಹೃದಯದಿಂದ ಹುಟ್ಟಿದ್ದು, ಒಂದೊಂದು ನಾಡಿನಲ್ಲಿ ಒಂದೊಂದು ಕಡೆ ಹರಿದದ್ದು, ನೀನು ಕಲಿತ ನಾಡಿನಲ್ಲಿ ಅದು ಒಪ್ಪಿಗೆಯಾದದ್ದು. ಮಗ ನಿಜವಾಗಿಯೂ ಒಪ್ಪಿದ್ದ, ನಿನ್ನ ಕೈ ಒತ್ತಿ ಹ್ಞೂಂ ಅಂದಿದ್ದ ಎಂದೂ ಹೇಳಿದೆ. ನನ್ನ ಇಂಗ್ಲಿಷನ್ನು ಆ ಯಂತ್ರ ಏನೆಂದು ತಿರುಗಿಸಿತೋ ದೇವರೇ ಬಲ್ಲ. ಆಕೆ ಕಣ್ಣು ಮುಚ್ಚಿಕೊಂಡು ಕೇಳಿದಳು.

ಆಮೇಲೆ ಹೇಳಿದಳು. ನಿನ್ನ ಮಾತು ಕೇಳಿದ ದಿನ ಬೀದಿಗೆ ಓಡಿಹೋಗಿ ಕೂಗಿದಳಂತೆ. ನೆರೆಹೊರೆಯವರೆಲ್ಲ ಬಂದರು. ಇದ್ದ ಸಾಮಾನಿನಲ್ಲಿ ಎಲ್ಲರಿಗೂ ಅಡುಗೆ ಮಾಡಿ ಬಡಿಸಿದಳು. ಮಗ ಬಿದ್ದ ಸುದ್ದಿ ಬಂದಾಗಿನಿಂದ ಕಣ್ಣು ಮುಚ್ಚಿರಲಿಲ್ಲ, ಅವತ್ತು ಮಲಗಿದವಳಿಗೆ ಗಾಢ ನಿದ್ದೆ ಹತ್ತಿತು. ನನ್ನ ಮಗ ಪ್ರಾಣ ಬಿಡುವಾಗ ನಾನು ಹೊಟ್ಟೆ ತುಂಬ ಉಂಡು ಮಲಗಿದ್ದೆ, ಅವನಿಗಾಗಿ ಬೇಡಿಕೊಳ್ಳುವುದನ್ನೂ ನಿಲ್ಲಿಸಿಬಿಟ್ಟಿದ್ದೆ, ಅದನ್ನು ನನಗೆ ಯಾರು ಹಿಂದಕ್ಕೆ ಕೊಡುತ್ತಾರೆ ಎಂದಳು.

ಆಕೆ ನಿನ್ನನ್ನು ಕ್ಷಮಿಸಿದಳು ಎಂದು ಬರೆದರೆ ನಿನಗೆ ಇವತ್ತು ನಿದ್ದೆ ಬರಬಹುದು. ಆದರೆ ಆಕೆ ಆ ಮಾತು ಆಡಲಿಲ್ಲ, ನಾನು ಬರೆಯುವುದೂ ಇಲ್ಲ. ಶಾಪವನ್ನೂ ಹಾಕಲಿಲ್ಲ. ಆ ಪದದ ಗೊಂದಲ ತಿಳಿದ ಮೇಲೆ ದೂರನ್ನು ಮುಂದುವರಿಸುವುದಿಲ್ಲ ಎಂದು ಏಜೆಂಟನಿಗೆ ಹೇಳಿದಳು. ಅಷ್ಟೇ.

ಹೊರಡುವಾಗ ಬಾಗಿಲಲ್ಲಿ ನಿಂತು ಇನ್ನೊಂದು ಕೇಳಿದಳು. ಆ ಹುಡುಗಿ ನನ್ನ ಮಗನ ಪಕ್ಕದಲ್ಲಿ ಕೂತಿದ್ದಳೇ? ಕೂತಿದ್ದಳು, ಬೆಳಗಿನಿಂದ ಕತ್ತಲಾಗುವವರೆಗೆ, ಕೈ ಹಿಡಿದುಕೊಂಡು, ಮಾತಾಡುತ್ತಲೇ ಇದ್ದಳು ಎಂದೆ. ಏನು ಮಾತಾಡಿದಳು ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ, ಹರಿಣಿ. ನನಗೆ ಸ್ಪ್ಯಾನಿಷ್ ಬರುವುದಿಲ್ಲ. ನೀನು ಒಮ್ಮೆ ನಕ್ಕದ್ದು ನೋಡಿದ್ದೆ, ಒಮ್ಮೆ ಕಿಟಕಿಯ ಕಡೆ ಕೈ ತೋರಿಸಿದ್ದು ನೋಡಿದ್ದೆ. ಅಷ್ಟನ್ನೇ ಹೇಳಿದೆ. ಆಕೆ ಆ ನಗುವನ್ನು, ಆ ಕಿಟಕಿಯನ್ನು ಮತ್ತೆ ಮತ್ತೆ ಕೇಳಿದಳು. ಯಾವ ಹೊತ್ತಿಗೆ ನಕ್ಕಳು, ಅವನ ಮುಖ ಆಗ ಯಾವ ಕಡೆಗಿತ್ತು ಎಂದೆಲ್ಲ. ಮಗ ಕೊನೆಗೆ ಕೇಳಿಸಿಕೊಂಡ ಮಾತು ಯಾವುದು ಎಂದು ತಿಳಿಯದೆ ಹೇಗೆ ಹೋಗಲಿ ಎಂದಳು.

ಶವದ ಪೆಟ್ಟಿಗೆಯನ್ನು ಮೊದಲೇ ದೆಹಲಿಗೆ ಕಳಿಸಿದರು. ಆಕೆಗೆ ವಿಜಯವಾಡದ ಪಕ್ಕದ ಗನ್ನವರಂನಿಂದ ವಿಮಾನ ಸಿಕ್ಕಿತು. ಏಜೆಂಟನಿಗೆ ಬೇರೆ ಕೆಲಸವಿತ್ತು. ನಾನೇ ರೈಲಿನಲ್ಲಿ ಜೊತೆಗೆ ಬಂದು ಅಲ್ಲಿ ಬಿಟ್ಟೆ. ಒಳಗೆ ಹೋಗುವ ಮುನ್ನ ನನ್ನ ಎರಡೂ ಕೈ ಹಿಡಿದು ಏನೋ ಹೇಳಿದಳು, ಫೋನು ಆಗ ಚೀಲದೊಳಗಿತ್ತು. ಏನೆಂದು ತಿಳಿಯಲಿಲ್ಲ. ತಿರುಗಿ ನೋಡದೆ ಹೋದಳು.

ಇದಿಷ್ಟು ಹೇಳಿದ್ದು ಒಂದು ಕಾರಣಕ್ಕೆ. ನೀನು ತಪ್ಪು ನಂದು ಎಂದು ಒಂದೇ ಮಾತಿನಲ್ಲಿ ಮುಗಿಸಿ, ಬಾಯಿಗೆ ಬೀಗ ಹಾಕಿಕೊಂಡು ಕೂತರೆ, ಆ ಒಂದು ಪದ ಬಿಟ್ಟು ನೀನು ಆ ಹುಡುಗನಿಗೆ ಹೇಳಿದ ಉಳಿದ ಮಾತೆಲ್ಲವೂ ನಿನ್ನೊಳಗೇ ಹೂತುಹೋಗುತ್ತವೆ. ಅವು ನಿನ್ನವಲ್ಲ. ಆಕೆಗೆ ಸೇರಬೇಕಾದವು. ಸ್ಪ್ಯಾನಿಷಿನಲ್ಲೇ ಬರೆ. ಅರ್ಥ ಮಾಡಿಕೊಳ್ಳುತ್ತಾಳೆ, ಆಗದಿದ್ದರೆ ಅಲ್ಲಿ ಯಾರನ್ನಾದರೂ ಕೇಳುತ್ತಾಳೆ. ಕ್ಷಮೆ ಕೇಳುವುದನ್ನು ಮೊದಲಿಗೆ ಇಡಬೇಡ. ಮೊದಲು ಅವನಿಗೆ ಏನೇನು ಹೇಳಿದೆ, ಯಾಕೆ ನಕ್ಕೆ, ಕಿಟಕಿಯಲ್ಲಿ ಏನು ತೋರಿಸಿದೆ, ಅದನ್ನು ಬರೆ. ಆಕೆಯ ಕೈಯಿಂದಲೇ ವಿಳಾಸ ಬರೆಸಿಕೊಂಡ ಚೀಟಿಯನ್ನು ಇದರ ಜೊತೆ ಇಟ್ಟಿದ್ದೇನೆ.

ನಿನ್ನನ್ನು ಆ ದಿನ ಕರೆದವಳು ನಾನು ಎಂದು ನಿನಗೆ ನನ್ನ ಮೇಲೆ ಸಿಟ್ಟಿದ್ದರೆ ಇರಲಿ. ಸಿಟ್ಟಿನಲ್ಲೇ ಒಮ್ಮೆ ಫೋನ್ ಮಾಡಿ ಬೈದರೂ ಸಾಕು. ಅವ್ವನಿಗೆ ನೀನು ಕೆಲಸದ ಮೇಲೆ ವಿಜಯವಾಡಕ್ಕೆ ಹೋಗಿದ್ದೀ ಎಂದು ಹೇಳಿದ್ದೇನೆ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ,
ರಾಜಕ್ಕ

ಮರೆತ ಮಾತು: ಮರೆತದ್ದಲ್ಲ, ಬರೆಯಲೋ ಬೇಡವೋ ಎಂದು ಇಷ್ಟು ಹೊತ್ತು ಬದಿಗಿಟ್ಟಿದ್ದೆ. ಗನ್ನವರಂನಿಂದ ವಿಮಾನ ತಾನಾಗಿ ಸಿಕ್ಕಿದ್ದಲ್ಲ, ದಲ್ವಾ ಹಟ ಹಿಡಿದು ಕೇಳಿ ಪಡೆದದ್ದು. ನೀನು ಇರುವ ಊರು ಅದರ ಪಕ್ಕದಲ್ಲೇ ಎಂದು ನನ್ನ ಬಾಯಿಂದಲೇ ತಿಳಿದುಕೊಂಡಿದ್ದಳು. ಏಪ್ರಿಲ್ ಕೊನೆಯ ಭಾನುವಾರ ಬೆಳಿಗ್ಗೆ ನಾನು ನಿನ್ನ ಬಾಗಿಲು ತಟ್ಟಿದೆನಲ್ಲ, ಆಗ ಆಕೆ ನನ್ನ ಪಕ್ಕದಲ್ಲಿ ನಿಂತಿದ್ದಳು. ತಾನು ಬಂದಿರುವುದನ್ನು ಹೇಳಬೇಡ, ಹೆದರಿಯಾಳು ಎಂದು ಸನ್ನೆ ಮಾಡಿದ್ದಳು. ನೀನು ಒಳಗಿನಿಂದಲೇ, "ಅಕ್ಕಾ, ನೀ ಹೋಗು. ಯಾರ ಮಾರೀನೂ ನೋಡೂ ಶಕ್ತಿ ಇಲ್ಲ ನನಗ" ಎಂದೆ. ಏನಂದಳು ಎಂದು ಆಕೆ ಕೇಳಿದಳು. ಜ್ವರವಂತೆ, ಮಲಗಿದ್ದಾಳೆ ಎಂದು ಸುಳ್ಳು ಹೇಳಿದೆ. ಅವತ್ತು ಫೋನಿನಲ್ಲಿ ಕೇಳಿದ ದನಿ ಇದೇ ಎಂದಳು ಆಕೆ. ಮತ್ತೆ ತಟ್ಟಲು ನನ್ನನ್ನು ಬಿಡಲಿಲ್ಲ. ನಿನ್ನ ಹೊಸ್ತಿಲಲ್ಲಿ ಹಾಲಿನ ಪ್ಯಾಕೆಟ್ ಬಿದ್ದಿತ್ತು, ವಿಜಯವಾಡದ ಬಿಸಿಲು ಆಗಲೇ ಅದರ ಮೇಲೆ ಬಂದಿತ್ತು. ಬಗ್ಗಿ ಅದನ್ನು ಎತ್ತಿಕೊಂಡು, ಮುಟ್ಟಿ ನೋಡಿ, ಮೆಟ್ಟಿಲ ಮೂಲೆಯ ನೆರಳಿನಲ್ಲಿ ಗೋಡೆಗೆ ಒರಗಿಸಿ ಇಟ್ಟಳು. ಆಮೇಲೆ ಇಬ್ಬರೂ ಇಳಿದು ಬಂದೆವು.